ಇನ್ನೂರ ಹನ್ನೆರಡು ಕನ್ವರ್ಶನ್

೨೬ ಮಾರ್ಚ್ ೨೦೨೪, ಮಂಗಳವಾರ

ಆಫೀಸಿನ ಬಾಗಿಲು ತೆಗೆದು ಫ್ಯಾನ್ ಹಾಕುವ ಮೊದಲೇ ತಲೆಬಿಸಿ. ಗಿರಾಕಿಗಳ ವೆಬ್‌ಸೈಟಿಗೆ ಬಂದವರನ್ನು ಎಣಿಸುವ ಅನಲಿಟಿಕ್ಸ್ ತೆರೆದು ನೋಡಿದರೆ ‘ಕನ್ವರ್ಶನ್ಸ್’ ಎನ್ನುವ ಕಾಲಮ್ಮೇ ಮಾಯ. ಅದರ ಜಾಗದಲ್ಲಿ ‘ಕೀ ಇವೆಂಟ್ಸ್’ ಎಂಬ ಹೊಸ ಹೆಸರು ಕೂತಿದೆ, ತಾನು ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ.

ವೆಬ್‌ಸೈಟಿಗೆ ಬಂದವರು ಸುಮ್ಮನೆ ನೋಡಿ ಹೋಗದೆ ನಮಗೆ ಬೇಕಾದ ಒಂದು ಕೆಲಸ ಮಾಡಿದರೆ, ಅಂದರೆ ಫಾರಂ ತುಂಬಿದರೆ, ಫೋನಿನ ಗುಂಡಿ ಒತ್ತಿದರೆ, ಅದು ಕನ್ವರ್ಶನ್. ಮೂರು ವರ್ಷದಿಂದ ಎಷ್ಟು ಗಿರಾಕಿಗಳಿಗೆ ಈ ವಾಕ್ಯ ಬರೆದು ಕಳಿಸಿದ್ದೇನೋ. ಈಗ ಅನಲಿಟಿಕ್ಸಿನವರು ಆ ಮಾತನ್ನು ಜಾಹೀರಾತಿನ ಕಡೆಗೆ ಮಾತ್ರ ಇಟ್ಟುಕೊಂಡಿದ್ದಾರಂತೆ. ಉಳಿದದ್ದೆಲ್ಲ ‘ಮುಖ್ಯ ಘಟನೆ’. ಆಗಲಿ, ಹೆಸರಿಗೆ ನನ್ನದೇನೂ ತಕರಾರಿಲ್ಲ. ತಕರಾರು ಬಂದದ್ದು ನನ್ನದೇ ವರದಿಯ ಹಾಳೆಯಿಂದ. ಅದು ಹಳೆಯ ಹೆಸರನ್ನೇ ಹುಡುಕಿದೆ, ಸಿಕ್ಕಿಲ್ಲ, ಎಲ್ಲ ಕಡೆ ಸೊನ್ನೆ ತುಂಬಿದೆ, ತುಂಬಿ ಬೆಳಿಗ್ಗೆ ಆರಕ್ಕೇ ಹನ್ನೊಂದು ಗಿರಾಕಿಗಳಿಗೆ ತಾನಾಗಿ ಹೋಗಿಬಿಟ್ಟಿದೆ!

ಗುರುದತ್ತ ಸರ್ ಬಂದವರೇ, “ದಿವ್ಯಶ್ರೀ, ಎಲ್ಲರಿಗೂ ಒಂದೊಂದು ಫೋನ್ ಮಾಡಿ ಹೇಳಿಬಿಡಮ್ಮಾ” ಅಂದರು.

ನಾನು ಹನ್ನೊಂದು ಜನರಿಗೂ ಮೆಸೇಜ್ ಕಳಿಸಿದೆ.

ಫೋನ್ ನನ್ನಿಂದ ಆಗುವ ಕೆಲಸವಲ್ಲ. ರಿಂಗ್ ಕೇಳಿದರೆ ಫೋನನ್ನು ದಿಂಬಿನಡಿ ತಳ್ಳುತ್ತೇನೆ, ಅಷ್ಟೆ. ಗ್ಯಾಸ್ ಸಿಲಿಂಡರಿಗೆ, ಡಾಕ್ಟರಿಗೆ, ನನ್ನ ಸ್ವಂತ ಚಿಕ್ಕಮ್ಮನಿಗೆ ಸಹ ಸಂತೋಷನೇ ಫೋನ್ ಮಾಡುವುದು. ಗಂಡನೆಂದರೆ ಅವನು. ಹೊನ್ನಾವರದ ಪಕ್ಕದ ಕಾಸರಕೋಡಿನ ಐಸ್ ಪ್ಲಾಂಟಿನಲ್ಲಿ ದಿನವಿಡೀ ದೋಣಿಯವರ ಜೊತೆ ಕೂಗಾಡಿ ಅಭ್ಯಾಸವಾಗಿ, ಮನೆಗೆ ಬಂದು ನನ್ನ ಪರವಾಗಿಯೂ ನಾಲ್ಕು ಮಾತು ಆಡುತ್ತಾನೆ. ವೆಬ್‌ಸೈಟಿನ ಕೆಲಸಕ್ಕೆ ನಾನು ಸೇರಿದ್ದೇ ಅದರಲ್ಲಿ ಯಾರೂ ‘ಹಲೋ’ ಅನ್ನುವುದಿಲ್ಲ ಎಂದು.

೨೮ ಮಾರ್ಚ್, ಗುರುವಾರ

ಹತ್ತು ಜನರಿಂದ ‘ಓಕೆ’ ಬಂತು. ಹನ್ನೊಂದನೆಯದು ಹಿರೇಗುತ್ತಿ ಕಡೆಯ ಈರುಳ್ಳಿ ಬೆಳೆಗಾರರ ಸಂಘ. ಅವರ ಕಾರ್ಯದರ್ಶಿ ಗಾಯತ್ರಿ ಮೇಡಂ ನಾಲ್ಕು ನಿಮಿಷದ ಧ್ವನಿ ಸಂದೇಶ ಕಳಿಸಿದ್ದಾರೆ. ಮೂರು ಸಲ ಕೇಳಿದೆ. ಸಾರಾಂಶ: ಅಧ್ಯಕ್ಷ ಗಣಪ ಗೌಡರು ಸೊನ್ನೆ ನೋಡಿ ಹೌಹಾರಿದ್ದಾರೆ. ಫೆಬ್ರವರಿ ವರದಿಯಲ್ಲಿ ೨೧೨ ಅಂತ ಇದ್ದದ್ದನ್ನು ನೋಡಿದಾಗಲೇ ಅವರಿಗೆ ಸಂಶಯ ಇತ್ತಂತೆ. ಘಟ್ಟದ ಮೇಲಿನ ಒಬ್ಬ ವ್ಯಾಪಾರಿ ಈ ಸಲದ ಸಿಹಿ ಈರುಳ್ಳಿಯನ್ನೆಲ್ಲ ಗದ್ದೆಯಲ್ಲೇ ಸಗಟು ಎತ್ತುತ್ತೇನೆ ಎಂದು ಹಿಂದೆ ಬಿದ್ದಿದ್ದಾನೆ. ದರ ಕೇಳಿದರೆ ಅಳು ಬರುತ್ತದೆ. ಆದರೂ ವೆಬ್‌ಸೈಟಿನಿಂದ ಏನೂ ಆಗುವುದಿಲ್ಲವಾದರೆ ಅವನಿಗೇ ಕೊಟ್ಟು ಕೈತೊಳೆದುಕೊಳ್ಳುವುದು ಒಳ್ಳೆಯದು ಎಂದು ಅರ್ಧ ಜನರ ಅಭಿಪ್ರಾಯ. ಭಾನುವಾರ ಸಭೆ. “ವೆಬ್‌ಸೈಟ್ ಮಾಡ್ಸಿ ಅಂತ ಹಟ ಹಿಡಿದವಳು ನಾನು. ಒಂದ್ಸಲ ಬಂದು ನೀವೇ ಹೇಳಿ, ದಯವಿಟ್ಟು” ಎನ್ನುವಾಗ ಅವರ ದನಿ ಸಣ್ಣಗಾಗಿತ್ತು.

ಸರ್, “ನೀನೇ ಹೋಗು. ವರದಿ ನಿನ್ನದು” ಅಂದರು.

ಮುಖಾಮುಖಿಯಾದರೆ ಆಗಬಹುದು. ಫೋನಿಗಿಂತ ವಾಸಿ.

೩೧ ಮಾರ್ಚ್, ಭಾನುವಾರ

ಕುಮಟಾದಲ್ಲಿ ಬಸ್ ಬದಲಿಸಿ ಹಿರೇಗುತ್ತಿಯಲ್ಲಿ ಇಳಿದಾಗ ಹತ್ತೂವರೆ. ಗಾಯತ್ರಿ ಮೇಡಂ ಸ್ಕೂಟಿ ತಂದಿದ್ದರು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವರು, ನಲವತ್ತು ಇರಬಹುದು. ಹೆದ್ದಾರಿಯ ಪಕ್ಕದಲ್ಲಿ ಬಿದಿರಿನ ಗಳ ಕಟ್ಟಿ ಈರುಳ್ಳಿ ಗೊಂಚಲು ನೇತು ಹಾಕಿದ್ದರು, ತಿಳಿಗೆಂಪು ಬಣ್ಣ, ಒಣಗಿದ ಎಲೆಗಳನ್ನೇ ಜಡೆ ಹೆಣೆದದ್ದು. ಮೂರು ತಿಂಗಳಿಂದ ಇದೇ ಗೊಂಚಲಿನ ಫೋಟೋದ ಅಳತೆ ತಿದ್ದುತ್ತಿದ್ದೆ. ಕೈಯಲ್ಲಿ ಹಿಡಿದದ್ದು ಇವತ್ತೇ.

ಸಂಘದ ಕೋಣೆ ತುಂಬಿತ್ತು. ಗಣಪ ಗೌಡರು ನನ್ನ ಫೆಬ್ರವರಿ ವರದಿಯನ್ನು ಪ್ರಿಂಟ್ ತೆಗೆಸಿ, ನಾಲ್ಕು ಮಡಿಕೆ ಮಾಡಿ, ಅಂಗಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಬಿಡಿಸಿ ನನ್ನ ಮುಂದೆ ಹಿಡಿದರು.

“ತಂಗಿ, ಇದು ನೀ ಬರ್ದದ್ದನಾ?”

“ಹೌದು.”

“ಇನ್ನೂರ ಹನ್ನೆರಡು ಕನ್ವರ್ಶನ್ ಅಂತದೆ. ಯಾವ ಯಾವ ಸರ್ವೆ ನಂಬರು?”

ನನಗೆ ತಲೆಬುಡ ತಿಳಿಯಲಿಲ್ಲ. ಹಿಂದಿನಿಂದ ಒಬ್ಬರು, “ಗದ್ದೆ ಕನ್ವರ್ಶನ್ ಮಾಡೂಕೆ ಅರ್ಜಿ ಹಾಕ್ದವ್ರು ಯಾರು ಅಂತ ಹೆಸ್ರು ಹೇಳಿಬಿಡಿ. ನಮಗೆ ರೆಸಾರ್ಟೂ ಬ್ಯಾಡ, ಸೈಟೂ ಬ್ಯಾಡ” ಎಂದು ಎದ್ದೇ ನಿಂತರು.

ಆಗ ಹೊಳೆಯಿತು. ಕನ್ವರ್ಶನ್ ಎಂದರೆ ಇಲ್ಲಿ ಒಂದೇ ಅರ್ಥ: ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಪರಿವರ್ತನೆ ಮಾಡಿಸುವುದು. ಒಂದು ತಿಂಗಳಿಂದ ಈ ಜನ ತಮ್ಮ ಇನ್ನೂರ ಹನ್ನೆರಡು ಗದ್ದೆಗಳು ಯಾರದೋ ಪಾಲಾಗುತ್ತಿವೆ ಎಂದು ನಿದ್ದೆಗೆಟ್ಟಿದ್ದಾರೆ! ಈ ತಿಂಗಳು ಸೊನ್ನೆ ಬಂದಾಗ ಗಣಪ ಗೌಡರು, “ಮುಗೀತು, ಎಲ್ಲಾ ಮಾಡಿ ಮುಗಿಸಿದ್ರು” ಅಂದರಂತೆ.

ನಗಬಾರದು ಎಂದು ತುಟಿ ಕಚ್ಚಿಕೊಂಡೆ, ಆಗಲಿಲ್ಲ. ಮೊದಲು ನಾನು, ಆಮೇಲೆ ಗಾಯತ್ರಿ ಮೇಡಂ, ಆಮೇಲೆ ಎಲ್ಲರೂ. ಗಣಪ ಗೌಡರು ಮಾತ್ರ ಕೊನೆಗೆ ನಕ್ಕರು, ಸ್ವಲ್ಪ ಸಿಟ್ಟಿನಲ್ಲೇ. ನಿಧಾನಕ್ಕೆ ವಿವರಿಸಿದೆ. ಸೊನ್ನೆ ನನ್ನ ಹಾಳೆಯ ತಪ್ಪು, ಮಾರ್ಚಿನಲ್ಲಿ ನಿಜವಾಗಿ ಇನ್ನೂರ ಅರವತ್ತೆಂಟು ಸಲ ಫೋನಿನ ಗುಂಡಿ ಒತ್ತಿದ್ದಾರೆ, ವೆಬ್‌ಸೈಟ್ ಚೆನ್ನಾಗಿ ನಡೆಯುತ್ತಿದೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಮೂಲೆಯಲ್ಲಿ ಕೂತಿದ್ದ ದುರ್ಗಿ ಎಂಬ ಹಿರಿಯ ಹೆಂಗಸು, ಕೊರಳ ತುಂಬ ಮಣಿಸರ, ಕೈ ಎತ್ತಿ ಕೇಳಿದರು: “ಆ ಗುಂಡಿ ಒತ್ತಿದ್ರೆ ಫೋನು ಎಲ್ಲಿಗೆ ಹೋಗ್ತದೆ ಮಗಾ?”

“ಸಂಘದ ನಂಬರಿಗೆ.”

“ಸಂಘದ ಫೋನು ನಮ್ಮನೆ ಗೋಡೆ ಗೂಡಲ್ಲಿ ಚಾರ್ಜಿಗೆ ಇಟ್ಟದೆ. ಕಳೀದಿರ್ಲಿ ಅಂತ ನಂಗೆ ಕೊಟ್ಟವ್ರೆ. ನಾ ಬೆಳಕು ಹರಿಯೂಕೆ ಗದ್ದೆಗೆ ಹೋದ್ರೆ ಕಪ್ಪಾದ್ಮೇಲೆ ಬರೂದು.”

ಫೋನ್ ತರಿಸಿ ನೋಡಿದೆವು. ತೆಗೆಯದ ಕರೆಗಳು ಬೆರಳಿನಲ್ಲಿ ಎಷ್ಟು ಸರಿಸಿದರೂ ಮುಗಿಯಲಿಲ್ಲ. ಈರುಳ್ಳಿ ಬೇಕು ಎಂದವರೆಲ್ಲ ಖಾಲಿ ಮನೆಗೆ ಫೋನ್ ಮಾಡಿ ಮಾಡಿ ಸುಮ್ಮನಾಗಿದ್ದಾರೆ. ನಾನು ಅದನ್ನೇ ಎಣಿಸಿ, ಹಸಿರು ಬಣ್ಣ ಬಳಿದು, ‘ಉತ್ತಮ ಪ್ರಗತಿ’ ಎಂದು ಬರೆದಿದ್ದೆ. ನೆಲಕ್ಕೆ ಇಳಿದುಹೋದ ಹಾಗಾಯಿತು.

ಗಣಪ ಗೌಡರು ವ್ಯಾಪಾರಿಗೆ ಎರಡು ವಾರ ತಡೆ ಎನ್ನುತ್ತೇನೆ ಎಂದರು. “ಆದ್ರೆ ಫೋನು ಎತ್ತೂವ್ರು ಯಾರು? ನಾವೆಲ್ಲಾ ಕೊಯ್ಲಲ್ಲಿ.” ಗಾಯತ್ರಿ ಮೇಡಂಗೆ ಅಂಗನವಾಡಿ. ದುರ್ಗಿ ಎದ್ದು ಬಂದು ಆ ಫೋನನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದರು. “ನೀನೇ ಇಟ್ಕೊ ಮಗಾ. ನೀ ಓದ್ದವ್ಳು, ಮಾತು ಬರ್ತದೆ.”

ಐವತ್ತು ಜನರ ಮುಂದೆ ‘ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ’ ಎಂದು ಹೇಳುವುದು ಹೇಗೆ?

೧ ಏಪ್ರಿಲ್, ಸೋಮವಾರ

ಐದು ಸಲ ರಿಂಗಾಯಿತು. ಎತ್ತಲಿಲ್ಲ. ಐವರಿಗೂ ‘ನಮಸ್ತೆ, ಹೇಳಿ’ ಎಂದು ಮೆಸೇಜ್ ಹಾಕಿದೆ. ಒಬ್ಬರು ಮಾತ್ರ ಉತ್ತರ ಕೊಟ್ಟರು: ‘ಫೋನ್ ಎತ್ತಿ’.

೨ ಏಪ್ರಿಲ್, ಮಂಗಳವಾರ

ಎತ್ತಿದೆ. ಆ ಕಡೆಯವರು “ಯಾರು?” ಅಂದರು. ಕಟ್ ಮಾಡಿದೆ.

೩ ಏಪ್ರಿಲ್, ಬುಧವಾರ

ಸಂತೋಷನಿಗೆ ಕೊಟ್ಟೆ. ಈ ಮೂರು ದಿನ ತೆಗೆಯದೆ ಬಿಟ್ಟ ಕರೆಗಳಿಗೆಲ್ಲ ತಿರುಗಿ ಮಾಡಿ, ಎಷ್ಟು ಗೊಂಚಲು, ಯಾವ ಊರು ಎಂದು ಬರೆದುಕೋ ಅಂದೆ. ಅಂಕೋಲೆಯ ಒಬ್ಬರ ಜೊತೆ ಹತ್ತು ನಿಮಿಷ ಕ್ರಿಕೆಟ್, ಭಟ್ಕಳದವರ ಜೊತೆ ಬಂಗಡೆ ಮೀನಿನ ದರ, ಹೊನ್ನಾವರದ ಒಬ್ಬರು ಅವನ ಶಾಲೆಯ ಗೆಳೆಯನೇ ಆಗಿಬಿಟ್ಟರು. ಎಲ್ಲ ಮುಗಿದ ಮೇಲೆ ಕಾಗದ ನೋಡಿದರೆ ‘ಒಳ್ಳೆ ಜನ’ ಎಂದು ಬರೆದಿದ್ದಾನೆ.

“ಎಷ್ಟು ಗೊಂಚಲು ಬೇಕಂತೆ?”

“ಅದು ಕೇಳೂಕೆ ಮರ್ತೇ ಹೋಯ್ತು ಮಾರಾಯ್ತಿ.”

ಫೋನ್ ಕಿತ್ತುಕೊಂಡೆ. ಸಿಟ್ಟಿನಲ್ಲೇ ಆ ಭಟ್ಕಳದವರಿಗೆ ಮಾಡಿದೆ. ಅಜ್ಜಿಯೊಬ್ಬರು. ಕನ್ನಡದಲ್ಲಿ ಹೊರಟು, ಉರ್ದುವಿಗೆ ಹೋಗಿ, ಮನೆಮಾತು ನವಾಯತಿಯಲ್ಲಿ ಮೊಮ್ಮಗಳನ್ನು ಬೈದು, ಮತ್ತೆ ನನ್ನ ಹತ್ತಿರ ಬಂದರು. ಎಂಟು ಗೊಂಚಲು. “ಹಸಿಯಾಗಿ ತಿನ್ನೋಕೆ ಬೇಟಿ. ಖಾರ ಇದ್ರೆ ವಾಪಸ್” ಅಂದರು. ಖಾರ ಇರುವುದಿಲ್ಲ ಎಂದೆ.

ಒಂದು ಆಯಿತು.

೫ ಏಪ್ರಿಲ್, ಶುಕ್ರವಾರ

ಅನಲಿಟಿಕ್ಸಿನಲ್ಲಿ ಗುಂಡಿ ಒತ್ತುವುದನ್ನು ಮುಖ್ಯ ಘಟನೆಯ ಪಟ್ಟಿಯಿಂದ ತೆಗೆದುಹಾಕಿದೆ. ಒತ್ತುವುದು ಮುಖ್ಯವಲ್ಲ, ಈರುಳ್ಳಿ ಮನೆ ತಲುಪಿದ್ದು ಮುಖ್ಯ. ಫೋನಿನಲ್ಲಿ ಮಾತು ಮುಗಿದು ಒಪ್ಪಿಗೆಯಾದದ್ದನ್ನು ಮಾತ್ರ ನಾನೇ ದಾಖಲು ಮಾಡುವ ಹಾಗೆ ಹೊಂದಿಸಿದೆ.

ಗುರುದತ್ತ ಸರ್ ಪರದೆ ನೋಡಿ ಕುರ್ಚಿಯಲ್ಲೇ ಹಿಂದಕ್ಕೆ ವಾಲಿದರು. “ಇನ್ನೂರರ ಮೇಲೆ ಇದ್ದದ್ದು ಹದಿನೇಳಾ? ಬೇರೆ ಗಿರಾಕಿಗಳಿಗೆ ಇದನ್ನ ತೋರಿಸ್ಬೇಡ.”

“ಹದಿನೇಳು ನಿಜ ಸರ್. ಇನ್ನೂರು ಸುಳ್ಳು.”

ನಾನು ಸರ್ ಹತ್ತಿರ ಹಾಗೆ ಮಾತಾಡಿದವಳಲ್ಲ. ಬಿಸಿಲಿಗೆ ತಲೆ ಕೆಟ್ಟಿರಬೇಕು. ಅವರು ಇಬ್ಬರಿಗೂ ಚಹಾ ತರಿಸಿದರು.

೯ ಏಪ್ರಿಲ್, ಯುಗಾದಿ

ಹಬ್ಬದ ದಿನವೂ ಬಿಡುವುದಿಲ್ಲವಲ್ಲ ಈ ಜನ! ಹೋಳಿಗೆ ಲಟ್ಟಿಸುತ್ತ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಒಂಬತ್ತು ಒಪ್ಪಿಗೆ. ಪರದೆಯ ತುಂಬ ಮೈದಾ. ಕುಮಟಾದ ಒಬ್ಬ ಮಾಸ್ತರರು ಸಿಹಿ ಈರುಳ್ಳಿಗೆ ಸಿಹಿ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದು ಗಾಯತ್ರಕ್ಕನಿಗೆ ಮಾಡಿದೆ. ಅವರು ದುರ್ಗಕ್ಕನನ್ನು ಕೇಳಿದರು. “ನಮ್ಮ ಮಣ್ಣು ಹಾಗದೆ ಅಂತ ಹೇಳು” ಎಂದು ಉತ್ತರ ಬಂತು. ಮಾಸ್ತರರಿಗೆ ಹಾಗೇ ಹೇಳಿದೆ. ಅವರು ಎರಡು ಗೊಂಚಲು ಇದ್ದದ್ದನ್ನು ಐದು ಮಾಡಿದರು.

೧೪ ಏಪ್ರಿಲ್, ಭಾನುವಾರ

ಸಭೆ. ಹೊರಗೆ ವ್ಯಾಪಾರಿಯ ಬಿಳಿ ಕಾರು ನಿಂತಿತ್ತು. ಅವನು ಒಳಗೆ ಬಂದು ಎಲ್ಲರಿಗೂ ಕೈಮುಗಿದು, ನಯವಾಗಿಯೇ ಹೇಳಿದ: “ಫೋನಲ್ಲಿ ಮಾತಾಡೋರು ಮಾತಾಡ್ತಾನೇ ಇರ್ತಾರೆ. ಮಳೆ ಒಂದು ಬಿದ್ರೆ ಗೊಂಚಲು ನಿಮ್ಮ ಅಂಗಳದಲ್ಲೇ ಕೊಳೀತದೆ. ಆಮೇಲೆ ನಾನು ಬರೋದಿಲ್ಲ.”

ಅದು ಸುಳ್ಳೂ ಅಲ್ಲ. ಕೂತಿದ್ದವರೆಲ್ಲ ನನ್ನ ಮುಖ ನೋಡಿದರು. ಎದ್ದು ನಿಂತೆ. ತೊಂಬತ್ತಾರು ಮನೆ, ಮುನ್ನೂರ ನಲವತ್ತು ಗೊಂಚಲು, ಕುಮಟಾ, ಹೊನ್ನಾವರ, ಭಟ್ಕಳ ಮೂರು ಕಡೆ ಬಸ್ಸಿಗೆ ಹಾಕಿ ತಲುಪಿಸಿ ಆಗಿದೆ ಎಂದೆ. ಯಾರು ಯಾರು ಎಂದು ಕೇಳಿದರು, ಹೇಳುತ್ತ ಹೋದೆ: ಎಂಟು ಒಯ್ದು ಮತ್ತೆ ಹನ್ನೆರಡು ಕೇಳಿದ ಭಟ್ಕಳದ ಅಜ್ಜಿ, ಐದು ಒಯ್ದ ಮಾಸ್ತರರು, ಮಗಳ ಬಾಣಂತನಕ್ಕೆ ಅಂತ ಕೊಂಡ ಕಾಸರಕೋಡಿನವರು. ಕಾಗದ ನೋಡಬೇಕಾಗಲಿಲ್ಲ.

ಗಣಪ ಗೌಡರು ನನ್ನ ಹೊಸ ವರದಿಯ ಕಾಲಮ್ಮಿನ ಮೇಲೆ ಬೆರಳಿಟ್ಟರು. “ಇಲ್ಲೆಂತ ಬರ್ದದ್ದು? ಕೀ ಇವೆಂಟು? ಕೀಲಿಕೈ ಎಂತಕ್ಕೆ?”

ಕನ್ವರ್ಶನ್ ಎಂದು ಬರೆಯುವ ಧೈರ್ಯ ಇನ್ನು ಈ ಜನ್ಮದಲ್ಲಿ ನನಗಿಲ್ಲ. ‘ಮುಖ್ಯ ಘಟನೆ’ ಎಂದರೆ ಪೇಪರಿನಲ್ಲಿ ಬರುವ ಅಪಘಾತದ ಸುದ್ದಿಯ ಹಾಗೆ ಕೇಳುತ್ತದೆ ಎಂದು ಗಾಯತ್ರಕ್ಕ. ದುರ್ಗಕ್ಕ, “‘ಕೈಗೂಡಿದ್ದು’ ಅಂತ ಬರಿ” ಅಂದರು. ಅಷ್ಟೇ. ಬರೆದೆ.

ಕೈ ಎತ್ತಿಸಿದರು. ವ್ಯಾಪಾರಿಗೆ ಕೊಡಬೇಕು ಎಂದವರು ಹದಿನಾಲ್ಕು, ಬೇಡ ಎಂದವರು ಮೂವತ್ತೊಂದು. ಕಾರು ಹೋಯಿತು. ಗಣಪ ಗೌಡರು ಬಾಗಿಲಲ್ಲಿ ನನಗೊಬ್ಬಳಿಗೇ ಕೇಳುವ ಹಾಗೆ, “ಮಳೆ ಬಿದ್ರೆ ಮಾತ್ರ ಕಷ್ಟ ತಂಗಿ” ಅಂದರು.

೨೪ ಏಪ್ರಿಲ್, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಕೈಗೂಡಿದ್ದು ಇವತ್ತಿಗೆ ೨೦೭.

೭ ಮೇ, ಮಂಗಳವಾರ

ಮತದಾನದ ರಜೆ. ಊರಿಗೆ ಬಂದವರೆಲ್ಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನೇರ ಈರುಳ್ಳಿಗೆ ಬಂದಿದ್ದಾರೆ. ಸಂತೋಷ ಮಧ್ಯಾಹ್ನ ಮುಖ ಊದಿಸಿಕೊಂಡು ಬಂದ. ಬೆಳಿಗ್ಗೆಯಿಂದ ಆರು ಸಲ ಮಾಡಿದನಂತೆ, ನನ್ನ ಎರಡೂ ಫೋನ್ ಎಂಗೇಜ್. “ಎಂತಾದ್ರೂ ಅರ್ಜೆಂಟ್ ಇತ್ತಾ?” ಎಂದೆ. “ಊಟಕ್ಕೆ ಎಂತ ಅಂತ ಕೇಳೂಕೆ” ಅಂದ. ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಕೋಪವೋ. ಗಂಡಸರಿಗೆ ತಾಳ್ಮೆ ಕಡಿಮೆ.

೧೩ ಮೇ, ಸೋಮವಾರ

ಬೆಳಿಗ್ಗೆ ಏಳಕ್ಕೆ ಗಾಯತ್ರಕ್ಕ. ರಾತ್ರಿ ಗಾಳಿಗೆ ತಾಡಪಾಲು ಹಾರಿಹೋಗಿದೆ. ಕೊನೆಯ ಕೊಯ್ಲಿನ ನಾನೂರು ಗೊಂಚಲು ಗಳದ ಮೇಲೆ ನೇತಾಡುತ್ತಿದೆ. ಸಮುದ್ರದ ಕಡೆ ಆಕಾಶ ಕಪ್ಪಿಟ್ಟಿದೆ. ಒಳಗೆ ಪೇರಿಸಿದರೆ ಬೆಂದು ಕೊಳೆಯುತ್ತದೆ, ಹೊರಗೆ ಬಿಟ್ಟರೆ ನೆನೆಯುತ್ತದೆ. “ಎಂತ ಮಾಡೂದು ದಿವ್ಯಾ?”

ಹಲ್ಲುಜ್ಜದೇ ಪಟ್ಟಿ ಹಿಡಿದು ಕೂತೆ. ಮೊದಲು ಕೊಂಡವರಿಗೆ, ಆಮೇಲೆ ಕೇಳಿ ಬಿಟ್ಟವರಿಗೆ, ಆಮೇಲೆ ಫೆಬ್ರವರಿಯಲ್ಲಿ ಯಾರೂ ಎತ್ತದೆ ಹೋದ ಆ ಹಳೆಯ ನಂಬರುಗಳಿಗೆ. “ಅಕ್ಕಾ, ಮಳೆ ಬರ್ತಾ ಇದೆ, ನಾಳೆಯೇ ಮನೆ ಬಾಗಿಲಿಗೆ ತಂದ್ಕೊಡ್ತೇವೆ, ಎಷ್ಟು ಇಡಲಿ?” ಒಬ್ಬರು, “ಫೆಬ್ರವರಿಯಲ್ಲಿ ಹತ್ತು ಸಲ ಮಾಡಿದ್ದೆ, ಈಗ ನೆನಪಾಯ್ತಾ?” ಎಂದು ಚೆನ್ನಾಗಿ ಬೈದರು. ಪೂರ್ತಿ ಬೈಯಲು ಬಿಟ್ಟೆ. ಬೈದು ಮುಗಿಸಿ ಆರು ಗೊಂಚಲು ಅಂದರು. ಭಟ್ಕಳದ ಅಜ್ಜಿ ತಮ್ಮ ಓಣಿಯ ಮನೆಮನೆಗೆ ಮೊಮ್ಮಗಳನ್ನು ಓಡಿಸಿ ಅರವತ್ತು ಗೊಂಚಲಿಗೆ ಜನ ಮಾಡಿಕೊಟ್ಟರು. ಆಫೀಸಿಗೆ ಬಂದ ಮೇಲೆ ಗುರುದತ್ತ ಸರ್ ನನ್ನ ಬೇರೆ ಕೆಲಸಗಳನ್ನೆಲ್ಲ ತಾವೇ ಎತ್ತಿಕೊಂಡು, ಆಗಾಗ ನೀರಿನ ಲೋಟ ನನ್ನ ಮುಂದೆ ತಳ್ಳುತ್ತಿದ್ದರು.

ನಾಲ್ಕು ಗಂಟೆಗೆ ಸಂತೋಷ ಮೆಟ್ಟಿಲು ಎರಡೆರಡು ಹಾರಿಕೊಂಡು ಮೇಲೆ ಬಂದ. ಬೆಳಿಗ್ಗೆಯಿಂದ ಲೈನೇ ಸಿಗದೆ, ನನಗೇನೋ ಆಗಿದೆ ಎಂದುಕೊಂಡನಂತೆ. ಬೆವರಿನಲ್ಲಿ ಮುಳುಗಿದ್ದ. ನಾನು ಅವನಿಗೆ ಕೈಯಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿ, ಕುಮಟಾದವರ ವಿಳಾಸ ಬರೆದು ಮುಗಿಸಿದೆ.

“ಮುನ್ನೂರ ಎಂಬತ್ತೆಂಟು. ಒಂದು ಗಾಡಿ ಬೇಕು, ಮಳೆ ತಾಗದ್ದು.”

ಅವನು ನನ್ನನ್ನೇ ನೋಡಿದ. ಯಾಕೆಂದು ತಿಳಿಯಲಿಲ್ಲ, ಮುಖಕ್ಕೆ ಶಾಯಿ ಹತ್ತಿತ್ತೇನೋ. ಆಮೇಲೆ, “ಪ್ಲಾಂಟಿನ ಮೀನಿನ ಗಾಡಿ ಅದೆ. ತೊಳೀಬೇಕು” ಅಂದ.

೧೪ ಮೇ, ಮಂಗಳವಾರ

ಮೂರು ಸಲ ತೊಳೆದೆವು. ಸೋಪು, ಲಿಂಬೆಹುಳಿ, ಮತ್ತೆ ಸೋಪು. ಹಿರೇಗುತ್ತಿಯಲ್ಲಿ ತುಂಬುವಾಗ ಗಣಪ ಗೌಡರು ಗಾಡಿಯೊಳಗೆ ಮೂಗು ತೂರಿಸಿ, “ಆತು, ಈರುಳ್ಳಿಗೆ ಮಸಾಲೆ ಒಟ್ಟಿಗೇ ಬಂತು” ಅಂದರು. ದುರ್ಗಕ್ಕ ಒಂದೊಂದು ಗೊಂಚಲನ್ನೂ ಮಗುವಿನಂತೆ ಎತ್ತಿ ಕೊಟ್ಟರು. ಕುಮಟಾ ಮುಗಿಸಿ ಹೊನ್ನಾವರದ ಸೇತುವೆ ದಾಟುವಾಗ ಮಳೆ ಸುರಿಯತೊಡಗಿತು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಭಟ್ಕಳದಲ್ಲಿ ಅಜ್ಜಿಯೇ ಕೊಡೆ ಹಿಡಿದು ರಸ್ತೆಗೆ ಬಂದಿದ್ದರು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳು, ದನಿ ಮಾತ್ರ ಅದೇ. “ನೀನೇನಾ?” ಎಂದು ಗಲ್ಲ ಹಿಡಿದರು. ಶರಬತ್ತು ಕುಡಿಯದೆ ಬಿಡಲಿಲ್ಲ.

ಸಂಜೆ ಒಬ್ಬರು ಫೋನ್ ಮಾಡಿ, “ಈರುಳ್ಳಿಗೆ ಬಂಗಡೆ ವಾಸನೆ ಬರ್ತದಲ್ಲ?” ಅಂದರು. ನಕ್ಕು ನಕ್ಕು ಉತ್ತರ ಕೊಡಲಾಗಲಿಲ್ಲ. ಅವರೂ ನಕ್ಕರು. ಮೀನಿನ ಸಾರಿಗೇ ಹಾಕುತ್ತಾರಂತೆ.

೨೬ ಮೇ, ಭಾನುವಾರ

ಹಂಗಾಮು ಮುಗಿಯಿತು. ಫೋನನ್ನು ದುರ್ಗಕ್ಕನಿಗೆ ಒಪ್ಪಿಸಿ ಬಂದೆ. ಇನ್ನು ಗೂಡಲ್ಲಿಡುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ ಎಂದು ತೋರಿಸಿದರು. ಗಣಪ ಗೌಡರು ಮುಂದಿನ ವರ್ಷ ಕಲ್ಲಂಗಡಿಯನ್ನೂ ಹಾಕಬೇಕು ಅಂದರು. ವ್ಯಾಪಾರಿಗೆ ಕೊಡಬೇಕು ಎಂದು ಕೈ ಎತ್ತಿದ್ದ ಹದಿನಾಲ್ಕು ಜನರಲ್ಲಿ ಒಬ್ಬರು ನನ್ನ ಚೀಲಕ್ಕೆ ಹಲಸಿನ ಹಪ್ಪಳ ತುರುಕಿದರು.

ಕೊನೆಯ ವರದಿ ಕಳಿಸಿದೆ. ಗುರುದತ್ತ ಸರ್ ಫೋನ್ ಮಾಡಿ, ಉಳಿದ ಹತ್ತು ಗಿರಾಕಿಗಳ ಹಾಳೆಯನ್ನೂ ಹೀಗೇ ಮಾಡು ಅಂದರು. ಹಾಗಾದರೆ ಎಲ್ಲರ ಜೊತೆ ಕೂತು ಮಾತಾಡಬೇಕಲ್ಲ ಸರ್ ಎಂದೆ. “ನಿನಗೆ ಕಷ್ಟವಾ?” ಎಂದು ಕೇಳಿದರು. ಇದರಲ್ಲಿ ಕಷ್ಟ ಎಂಥದ್ದು, ನಾಳೆಯಿಂದಲೇ ಮಾಡುತ್ತೇನೆ ಎಂದೆ.

೯ ಜೂನ್, ಭಾನುವಾರ

ಬೆಳಿಗ್ಗೆಯಿಂದ ಜೋರು ಮಳೆ. ಸಂತೋಷ ಮಲಗಿದ್ದಾನೆ, ದೋಣಿಗಳೆಲ್ಲ ದಡದಲ್ಲಿವೆ. ಒಲೆಯ ಮೇಲೆ ಕುಕ್ಕರ್ ಇಟ್ಟು ಕಿಟಕಿಯ ಹತ್ತಿರ ನಿಂತಿದ್ದೆ. ಹಿರೇಗುತ್ತಿಯಲ್ಲೂ ಹೀಗೇ ಬರುತ್ತಿದೆಯೋ ಏನೋ ಎನ್ನಿಸಿತು. ನಂಬರು ಒತ್ತಿದೆ.

“ಯಾರು? ದಿವ್ಯನಾ? ಎಂತಕ್ಕೆ ಮಾಡ್ದೆ ಮಗಾ? ಎಂತಾದ್ರೂ ಬೇಕಿತ್ತಾ?”

“ಎಂತದೂ ಬ್ಯಾಡ ದುರ್ಗಕ್ಕ. ಸುಮ್ನೆ.”

ಗದ್ದೆಗೆ ನೀರು ನಿಂತಿದೆಯಂತೆ. ಮೊನ್ನೆ ಬಿತ್ತಿದ ಸಸಿಮಡಿಗೆ ಏಡಿಗಳ ಕಾಟವಂತೆ. ನಾನು ನಮ್ಮ ಮನೆಯ ಹೆಂಚು ಸೋರುವ ಕತೆ ಹೇಳಿದೆ. ಅವರು ಅವರ ಮನೆಯದು ಹೇಳಿದರು. ಕುಕ್ಕರ್ ಎಷ್ಟು ಸೀಟಿ ಹೊಡೆಯಿತೋ ಎಣಿಸಲಿಲ್ಲ, ಅನ್ನ ಮುದ್ದೆಯಾಗಿದೆ.